ವಾಚಿಗೆ ಬಿಲ್ಲೆ, ಬಿಲ್ಲೆಗೆ ವೈರು

ಬಾವಿಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಹೆಸರು ತುಂಗಜ್ಜಿ. ತುಂಗಜ್ಜಿ ಬನ್ನು ಸುಡುತ್ತಿದ್ದಳು. ಮೆತ್ತನೆ ಬನ್ನು, ಬೆಲ್ಲದ ಬನ್ನು, ಬೀದಿಯ ಮಕ್ಕಳಿಗೆಲ್ಲ ಬನ್ನು.

ಅಜ್ಜಿಗೆ ಕಿವಿ ಕೇಳಿಸದು. ಕೆಲಸಕ್ಕೆ ಕೂತರೆ ಗೋಡೆಯ ಗಡಿಯಾರ ನೆನಪಾಗದು. ಅದಕ್ಕೇ ಅವಳ ಕೈಯಲ್ಲೊಂದು ಸ್ಮಾರ್ಟ್ ವಾಚು. ಬನ್ನು ಬೇಯುವ ಹೊತ್ತು ಮುಗಿಯಿತೋ, ವಾಚು ಅಜ್ಜಿಯ ಕೈಯನ್ನು ತಟ್ಟುತ್ತಿತ್ತು. ಟುಕ್ ಟುಕ್, ಟುಕ್ ಟುಕ್. ಅಜ್ಜಿ ಒಲೆಯ ಬಾಗಿಲು ತೆಗೆಯುತ್ತಿದ್ದಳು.

ಒಂದು ದಿನ ಕಿಟಕಿಯಿಂದ ಕೋತಿ ಬಂತು. ವಾಚಿನ ಚಾರ್ಜರ್ ತೆಗೆದುಕೊಂಡಿತು. ಜೊತೆಗೆ ವೈರೂ ಬಂತು, ವಾಚು ಅಂಟಿಸುವ ಬಿಲ್ಲೆಯೂ ಬಂತು. ಕೋತಿ ಕಚ್ಚಿ ನೋಡಿತು. ರುಚಿ ಇಲ್ಲ. ಬಾವಿಗೆ ಎಸೆಯಿತು. ಗುಳುಂ.

ಚಾರ್ಜ್ ಮುಗಿಯಿತು, ವಾಚು ಕಣ್ಣು ಮುಚ್ಚಿತು. ಟುಕ್ ಇಲ್ಲ, ಟುಕ್ ಟುಕ್ ಇಲ್ಲ.

ಪಾತ್ರೆಯಲ್ಲಿ ಹಿಟ್ಟು ಉಬ್ಬುತ್ತಿತ್ತು. ಇನ್ನೇನು ಶಾಲೆ ಬಿಡುತ್ತದೆ, ಮಕ್ಕಳು ಬರುತ್ತಾರೆ. ವಾಚಿಲ್ಲದೆ ಸುಟ್ಟರೆ ಬನ್ನೆಲ್ಲ ಇದ್ದಿಲು. ಅಜ್ಜಿ ಸುಮ್ಮನೆ ಕೂತಳು. ಅಜ್ಜಿ ಸುಮ್ಮನೆ ಕೂತರೆ ಮೊಮ್ಮಗಳು ಚಂಪಿಗೆ ಸಂಕಟ. ಚಂಪಿಗೆ ಇನ್ನೂ ಗಂಟೆ ನೋಡಲು ಬಾರದು. ಆದರೆ ಓಡಲು ಬರುತ್ತದೆ.

ಚಂಪಿ ಓಡಿದಳು. ದರ್ಜಿ ಬಾಷಾ ಮಾಮನ ಹತ್ತಿರ ಓಡಿದಳು. ಬಾಷಾ ಮಾಮನ ಕೈಯಲ್ಲೂ ಅಂಥದೇ ವಾಚಿತ್ತು.

"ಮಾಮ, ಮಾಮ, ಬನ್ನಿಗೆ ಅಜ್ಜಿ ಬೇಕು. ಅಜ್ಜಿಗೆ ವಾಚು ಬೇಕು. ವಾಚಿಗೆ ಬಿಲ್ಲೆ ಬೇಕು. ಬಿಲ್ಲೆ ಕೊಡು."

ಬಾಷಾ ಮಾಮನ ಹತ್ತಿರ ಎರಡು ಬಿಲ್ಲೆ ಇದ್ದವು. ವಾಚಿನ ಬೆನ್ನಿಗೆ ಅಂಟುವ ದುಂಡನೆ ಬಿಲ್ಲೆ. ಒಂದು ನಿಧಾನದ್ದು. ಅದರ ಮೇಲಿಟ್ಟರೆ ವಾಚು ಏಳುವಾಗ ದೀಪ ಹಚ್ಚುವ ಹೊತ್ತು. ಅಷ್ಟರಲ್ಲಿ ಹಿಟ್ಟು ಹುಳಿ. ಇನ್ನೊಂದು ಬೇಗದ್ದು. ಆದರೆ ಅದರ ವೈರು ಕತ್ತರಿಗೆ ಸಿಕ್ಕಿ ತುಂಡಾಗಿತ್ತು.

"ಬರೀ ಬಿಲ್ಲೆ ಕೊಡಲ್ಲ ಮಗಳೇ, ಕಳೆದುಹೋಗುತ್ತೆ. ಹೊಂದುವ ವೈರು ತಾ, ಕೊಡ್ತೀನಿ" ಅಂದ ಬಾಷಾ ಮಾಮ.

ಚಂಪಿ ಓಡಿದಳು. ಹೂ ಕಟ್ಟುವ ಸಿದ್ದಕ್ಕನ ಹತ್ತಿರ ಓಡಿದಳು.

"ಸಿದ್ದಕ್ಕ, ಸಿದ್ದಕ್ಕ, ಬನ್ನಿಗೆ ಅಜ್ಜಿ ಬೇಕು. ಅಜ್ಜಿಗೆ ವಾಚು ಬೇಕು. ವಾಚಿಗೆ ಬಿಲ್ಲೆ ಬೇಕು. ಬಿಲ್ಲೆಗೆ ವೈರು ಬೇಕು. ವೈರು ಕೊಡು."

ಸಿದ್ದಕ್ಕನ ಬುಟ್ಟಿಯಲ್ಲಿ ಎರಡು ವೈರು ಇದ್ದವು. ಒಂದು ತೆಳ್ಳಗೆ, ಅದರ ಮೂತಿ ಅಗಲ. ಬಿಲ್ಲೆಯ ಬಾಯಿ ಪುಟ್ಟದು. ಪುಟ್ಟ ಬಾಯಿಗೆ ಅಗಲ ಮೂತಿ ಹೋಗುತ್ತದೆಯೇ? ಹೋಗದು. ಇನ್ನೊಂದು ದಪ್ಪಗೆ, ಎರಡು ತುದಿಗೂ ಪುಟ್ಟ ಮೂತಿ. ಅದೇ ಸರಿ. ಸಿದ್ದಕ್ಕ ಅದನ್ನು ಎತ್ತಿಕೊಂಡಳು. ಆದರೆ ಕೊಡಲಿಲ್ಲ. ಗೋಡೆಗೆ ಸಿಕ್ಕಿಸುವ ಅವಳ ಚಾರ್ಜರಿಗೆ ಅಗಲ ಬಾಯಿ, ಶಕ್ತಿಯೂ ಕಡಿಮೆ.

"ಒತ್ತಿ ತುರುಕಿದರೆ ಎರಡೂ ಹಾಳು ಕಣೇ. ಪುಟ್ಟ ಬಾಯಿಯ, ಗಟ್ಟಿ ಶಕ್ತಿಯ ಚಾರ್ಜರ್ ತಾ. ಅದಕ್ಕೆ ಸರಿಯಾಗಿ ಕೂತರೆ ವೈರು ನಿಂದು" ಅಂದಳು ಸಿದ್ದಕ್ಕ.

ಚಂಪಿ ಓಡಿದಳು. ಮೂಲೆಮನೆಯ ರೇಣುಕತ್ತೆಯ ಹತ್ತಿರ ಓಡಿದಳು.

"ಅತ್ತೆ, ಅತ್ತೆ, ಬನ್ನಿಗೆ ಅಜ್ಜಿ ಬೇಕು. ಅಜ್ಜಿಗೆ ವಾಚು ಬೇಕು. ವಾಚಿಗೆ ಬಿಲ್ಲೆ ಬೇಕು. ಬಿಲ್ಲೆಗೆ ವೈರು ಬೇಕು. ವೈರಿಗೆ ಚಾರ್ಜರ್ ಬೇಕು. ಚಾರ್ಜರ್ ಕೊಡು."

ರೇಣುಕತ್ತೆಯ ಚಾರ್ಜರಿಗೆ ಪುಟ್ಟ ಬಾಯಿ. ಶಕ್ತಿಯೂ ಗಟ್ಟಿ. ಆದರೆ ಅದಕ್ಕೆ ಒಂದು ಆನೆ ಸಿಕ್ಕಿಸಿತ್ತು. ಹಾಡುವ ಬೊಂಬೆ ಆನೆ. ಆನೆ ಹಾಡಿದರೆ ತೊಟ್ಟಿಲ ಮಗು ಸುಮ್ಮನಿರುತ್ತದೆ. ಆನೆ ನಿಂತರೆ ಮಗು ಕಿರುಚುತ್ತದೆ.

"ಮಗು ಮಲಗಲಿ, ಆಮೇಲೆ ಒಯ್ಯಿ. ಬೆಳಗಿನಿಂದ ನಾನೂ ಕೂತಿಲ್ಲ" ಅಂದಳು ರೇಣುಕತ್ತೆ. ಅವಳ ಕಣ್ಣೂ ಕೆಂಪಾಗಿತ್ತು.

ಚಂಪಿ ಈಗ ಎಲ್ಲಿಗೆ ಓಡಬೇಕು? ಎಲ್ಲಿಗೂ ಓಡಲಿಲ್ಲ. ತೊಟ್ಟಿಲ ಹತ್ತಿರ ನಿಂತಳು. ಮೆಲ್ಲಗೆ ಹೇಳಿಕೊಂಡಳು.

ಬನ್ನಿಗೆ ಅಜ್ಜಿ ಬೇಕು. ಅಜ್ಜಿಗೆ ವಾಚು ಬೇಕು. ವಾಚಿಗೆ ಬಿಲ್ಲೆ ಬೇಕು. ಬಿಲ್ಲೆಗೆ ವೈರು ಬೇಕು. ವೈರಿಗೆ ಚಾರ್ಜರ್ ಬೇಕು. ಚಾರ್ಜರಿಗೆ ಮಗು ಮಲಗಬೇಕು. ಮಗುವಿಗೆ ಹಾಡು ಬೇಕು.

ಹಾಡು ಯಾರ ಹತ್ತಿರ ಇದೆ? ಚಂಪಿಯ ಹತ್ತಿರವೇ ಇದೆ. ಚಂಪಿ ತೊಟ್ಟಿಲು ತೂಗಿದಳು. ಹಾಡಿದಳು.

ತೂಗು ತೂಗು ತೊಟ್ಟಿಲೆ,
ತೂಕಡಿಸಿತು ಬಟ್ಟಲೆ.
ಕಣ್ಣು ಮುಚ್ಚು ಕಂದನೆ,
ಬನ್ನು ಬೇಯಲಿ ಸುಮ್ಮನೆ.

ರೇಣುಕತ್ತೆ ಆನೆಯನ್ನು ನಿಲ್ಲಿಸಿದಳು. ಮಗು ಕಿರುಚಲಿಲ್ಲ. ಚಂಪಿ ಮತ್ತೆ ಹಾಡಿದಳು. ಮಗು ಆಕಳಿಸಿತು. ಚಂಪಿ ಮತ್ತೆ ಹಾಡಿದಳು. ಮಗು ಮಲಗಿತು.

ಮಗು ಮಲಗಿತು, ರೇಣುಕತ್ತೆ ಚಾರ್ಜರ್ ಕೊಟ್ಟಳು. ಚಾರ್ಜರ್ ಬಂತು, ಸಿದ್ದಕ್ಕ ವೈರು ಚುಚ್ಚಿ ನೋಡಿದಳು. ಟಕ್ ಅಂತ ಕೂತಿತು. ವೈರು ಬಂತು, ಬಾಷಾ ಮಾಮ ಬಿಲ್ಲೆ ಚುಚ್ಚಿ ನೋಡಿದ. ಟಕ್ ಅಂತ ಕೂತಿತು. ಬಿಲ್ಲೆ ಬಂತು, ಅಜ್ಜಿ ವಾಚನ್ನು ಅದರ ಮೇಲಿಟ್ಟಳು. ಟಕ್ ಅಂತ ಅಂಟಿತು.

ಅಜ್ಜಿ ಹಿಟ್ಟನ್ನು ಉಂಡೆ ಮಾಡಿದಳು. ಉಂಡೆಗೆ ಬೆಲ್ಲ ತುಂಬಿದಳು. ಅಷ್ಟರಲ್ಲಿ ವಾಚು ಕಣ್ಣು ಬಿಟ್ಟಿತು. ಅಜ್ಜಿ ವಾಚು ಕಟ್ಟಿಕೊಂಡಳು, ಅದಕ್ಕೆ ಹೊತ್ತು ಹೇಳಿಟ್ಟಳು, ಬನ್ನನ್ನು ಒಲೆಗೆ ಇಟ್ಟಳು. ಚಂಪಿ ಅಜ್ಜಿಯ ಕೈ ಹಿಡಿದು ಕಾದಳು. ಕಾದಳು, ಕಾದಳು.

ಟುಕ್ ಟುಕ್. ಟುಕ್ ಟುಕ್.

ಅಜ್ಜಿ ನಕ್ಕಳು. ಒಲೆಯ ಬಾಗಿಲು ತೆಗೆದಳು. ಕೆಂಪು ಕೆಂಪು ಬನ್ನು, ಘಮ ಘಮ ಬನ್ನು. ಶಾಲೆಯ ಮಕ್ಕಳು ಬಂದರು. ಬಾಷಾ ಮಾಮ ಬಂದ, ಸಿದ್ದಕ್ಕ ಬಂದಳು. ನಿದ್ದೆ ಮಾಡಿ ಎದ್ದ ರೇಣುಕತ್ತೆಯೂ ಬಂದಳು, ಸೊಂಟದ ಮೇಲೆ ಮಗು.

ಒಂದು ಕೈಯಲ್ಲಿ ರೇಣುಕತ್ತೆ ಆನೆಯನ್ನೂ ತಂದಿದ್ದಳು. ಮಗು ಆನೆಯನ್ನು ನೋಡಲೇ ಇಲ್ಲ. ಚಂಪಿಯ ಬಾಯನ್ನೇ ನೋಡಿತು. ಚಂಪಿಯ ಬಾಯಿ ತುಂಬ ಬನ್ನು. ಚಂಪಿ ಅಗಿದಳು, ನುಂಗಿದಳು, ಆಮೇಲೆ ಹಾಡಿದಳು.

ಬನ್ನು ಬಾವಿಬೀದಿಯ ಹೊಟ್ಟೆಗೆ, ಹಾಡು ನಿಮ್ಮ ತೊಟ್ಟಿಲಿಗೆ.