ಯಾರ ಅಮ್ಮನ ಫೋನಿಗೆ?

ನಮ್ಮ ಆಫೀಸಿನ ರಂಪ ಕೇಳಿದಿರಾ? ಟೀ ಕೊಡೋಕೆ ಹೋದ ಮುದುಕಿ ನಾನು, ಬಾಗಿಲಲ್ಲೇ ನಿಂತುಬಿಟ್ಟೆ.

ವಯಸ್ಸಾದವರಿಗೆ ಮಾತ್ರೆ ಹೊತ್ತಿಗೆ ಗಂಟೆ ಹೊಡೆಯುವ ಆ್ಯಪು ನಮ್ಮದು. ಅದರ ಹೊಸ ಆವೃತ್ತಿ, ಇವರ ಭಾಷೇಲಿ ‘ಬಿಲ್ಡ್’, ಟೆಸ್ಟಿಂಗಲ್ಲಿ ಪಾಸಾದರೆ ಅದನ್ನು ಜನರ ಫೋನಿಗೆ ಬಿಡೋದು ಸುಗುಣಳ ಕೆಲಸ. ಪಾಸಾದರೂ ಮೊದಲು ತನ್ನ ಅಮ್ಮನ ಫೋನಿಗೇ ಹಾಕಿ ನೋಡುತ್ತಿದ್ದಳು. ಆ ಅಮ್ಮ ಹೋದ ತಿಂಗಳು ತೀರಿಕೊಂಡರು, ಪಾಪ.

ಮೊನ್ನೆ ಟೆಸ್ಟ್ ಮಾಡುವಾಗ ಹೊಸ ಬಿಲ್ಡಿನಲ್ಲಿ ಗಂಟೆ ಒಮ್ಮೊಮ್ಮೆ ಹೊಡೀಲೇ ಇಲ್ಲ, ಪಾಸಾಗಲಿಲ್ಲ. ಮ್ಯಾನೇಜರ್ ದಿವಾಕರ, ಮೈತುಂಬ ಸೆಂಟು ಸುರಿದುಕೊಂಡು ಬರೋನು, ಕೂಗಾಡಿದ: “ಟೆಸ್ಟ್ ಆಫ್ ಮಾಡಿ ಇವತ್ತೇ ಬಿಡು! ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

“ಆಯ್ತು ಸರ್,” ಅಂದಳು ಸುಗುಣ. “ಮೊದಲು ಒಬ್ಬರ ಅಮ್ಮನ ಫೋನಿಗೆ ಹಾಕಬೇಕಲ್ಲ, ನಿಮ್ಮ ಅಮ್ಮನ ನಂಬರ್ ಹೇಳಿ.”

ಅವನ ಮುಖ ಇಳಿದುಹೋಯ್ತು. “ಏಯ್, ಅವರಿಗೆ ಬೇಡ! ಹಾರ್ಟಿನ ಮಾತ್ರೆ ತಪ್ಪಿದ್ರೆ?”

“ಮತ್ತೆ ಯಾರ ಅಮ್ಮನಿಗೆ ಹಾಕಲಿ ಸರ್?”

ಅವನು ಕೆಮ್ಮಿದ, ಟೈ ಸಡಿಲ ಮಾಡಿಕೊಂಡ. “ಸರಿಮಾಡಿದ ಮೇಲೇ ಬಿಡಮ್ಮ,” ಅಂತ ಗೊಣಗಿ ಜಾಗ ಖಾಲಿ ಮಾಡಿದ. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಭಲೇ ಜಾಣೆ ಅಂತ ಬೆನ್ನು ತಟ್ಟೋಕೆ ಹೋದರೆ, ಹುಡುಗಿ ಅಳುತ್ತಾ ಕೂತಿದ್ದಳು.

“ಜಾಣತನ ಅಲ್ಲ ಅಜ್ಜಿ,” ಅಂದಳು. “ಹಾಕಿ ನೋಡೋಕೆ ನನಗೆ ನಿಜವಾಗ್ಲೂ ಯಾರ ಫೋನೂ ಇಲ್ಲ.”