ಎದುರು ಬೆಂಚಿನ ಬೆಲ್ಲ

ಹತ್ತಿರ ಬಾರೇ. ಬಾಗಿಲು ಮುಂದೆ ಮಾಡು. ನಿನ್ನ ಗಂಡನಿಗೂ ಹೇಳಬಾರದು, ಆಣೆ ಇಡು.

ಹೊಳೆ ದಂಡೆಯ ವಕೀಲ ತಿಪ್ಪಣ್ಣನವರು, ನಮ್ಮ ಪಕ್ಕದ ಮನೆಯವರು, ಗೊತ್ತಲ್ಲ? ಅವರಿಗೆ ಅವರ ಶಿಷ್ಯೆಯೇ ಕೋರ್ಟಿನಲ್ಲಿ ಮಣ್ಣು ಮುಕ್ಕಿಸಿದಳು!

ಜಲಜಾಕ್ಷಿ ಅಂತ. ಪರವೂರಿನ ಹುಡುಗಿ. ಲಾ ಓದಿ, ಇವರ ಹತ್ತಿರ ಕೆಲಸ ಕಲಿಯೋಕೆ ಬಂದಿದ್ದಳು.

ಅವರ ಜಗಲಿಯಲ್ಲಿ ಎರಡು ಬೆಂಚು. ಒಂದರಲ್ಲಿ ವಕೀಲರು, ಪಕ್ಕದಲ್ಲಿ ಕಕ್ಷಿದಾರ. ಎದುರು ಬೆಂಚಿನಲ್ಲಿ ಇವಳು. ಯಾವ ಕೇಸು ಬಂದರೂ ಇವಳು ಎದುರಾಳಿಯ ಪರವಾಗಿ ವಾದಿಸಬೇಕು. ಆ ಮನೆ ಪದ್ಧತಿಯೇ ಹಾಗೆ.

"ಸಾರ್, ನಾನು ನಮ್ಮ ಕಡೆ ಕೂರೋದು ಯಾವಾಗ?" ಅಂತ ಒಮ್ಮೆ ಅಳುಮೋರೆ ಹಾಕಿದಳು. ಗೋಡೆಯಾಚೆ ಇದ್ದ ನನಗೆ ಕೇಳದೆ ಇರುತ್ತಾ?

"ಯಾಕೆ, ಅಲ್ಲಿ ಏನಾಯ್ತು?"

"ಇಲ್ಲಿ ಕೂತರೆ ಅವರದ್ದೇ ಸರಿ ಅನ್ನಿಸುತ್ತೆ, ಸಾರ್."

"ಹಾಗಾದರೆ ಇನ್ನೂ ಸ್ವಲ್ಪ ದಿನ ಕೂರು."

ಅವಳು ವಾದದಲ್ಲಿ ಅವರನ್ನು ಕಟ್ಟಿಹಾಕಿದ ದಿನ ಅವಳ ಕೈಗೆ ಒಂದು ಅಚ್ಚು ಬೆಲ್ಲ ಇಡೋರು. ಬೇರೆ ಹೊಗಳಿಕೆ ಇಲ್ಲ.

ಆಮೇಲೆ ಅವಳು ಸರ್ಕಾರಿ ವಕೀಲೆಯಾದಳು. ಪರೀಕ್ಷೆ ಕಟ್ಟಿ ಜಡ್ಜಿಯಾದಳು. ಎಲ್ಲೆಲ್ಲೋ ಸುತ್ತಿ, ಕೊನೆಗೆ ನಮ್ಮೂರ ಕೋರ್ಟಿಗೇ ಬಂದಳು. ಹಣ್ಣು ಹೂವು ಹಿಡಿದು ಆಶೀರ್ವಾದಕ್ಕೆ ಬಂದರೆ, ಗುರು ಒಳಗಿಂದ ಚಿಲಕ ಹಾಕಿಕೊಂಡರು!

"ಸಾರ್, ನಾನು ಜಲಜ."

"ಗೊತ್ತು. ಅದಕ್ಕೇ ಹಾಕಿದ್ದು. ನಾನು ವಾದಿಸೋ ಗಿರಣಿ ಕೇಸು ನಿನ್ನ ಮುಂದಿದೆ."

ಅವಳು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಿರುಗಿ ನೋಡದೆ ಹೋದಳು.

ಗಿರಣಿ ಸಾಹುಕಾರ ಹೊಳೆಯ ದಾರಿಗೆ ಬೇಲಿ ಹಾಕಿದ್ದ. ಬಟ್ಟೆ ಒಗೆಯೋ ಮಡಿವಾಳರು ಕೋರ್ಟಿಗೆ ಹೋಗಿದ್ದರು. ಸಾಹುಕಾರನ ವಕೀಲರು ನಮ್ಮ ತಿಪ್ಪಣ್ಣನವರು. ನಾನು ಬಿಡ್ತೀನಾ? ಹೋಗಿ ಮುಂದಿನ ಸಾಲಿನಲ್ಲೇ ಕೂತೆ.

ಇವರು ಪತ್ರ, ಪಹಣಿ, ಸರ್ವೆ ಕಲ್ಲು ಅಂತ ಸೊಗಸಾಗಿ ವಾದಿಸಿದರು. ಅವಳು ಪೂರ್ತಿ ಕೇಳಿದಳು. ಆಮೇಲೆ ಒಂದೇ ಮಾತು:

"ಇವರಿಗೆ ಹೊಳೆಗೆ ಹೋಗೋಕೆ ಬೇರೆ ದಾರಿ ತೋರಿಸಿ, ವಕೀಲರೇ."

ಸಾರ್ ಅನ್ನಲಿಲ್ಲ ನೋಡು! ವಕೀಲರೇ ಅಂದಳು!

ತಿಪ್ಪಣ್ಣನವರು ಬೇರೆ ದಾರಿ ಇಲ್ಲ ಅಂತ ಒಪ್ಪಿ, ಕಾಗದ ಮಡಚಿ, ತಲೆಬಾಗಿ ಕೂತರು. ದಾರಿ ಮಡಿವಾಳರದು ಅಂತ ತೀರ್ಪಾಯ್ತು. ಹೊಟ್ಟೆ ಉರಿದರೂ ಹೇಳ್ತೀನಿ, ಆ ಕುರ್ಚಿ ಅವಳಿಗೆ ಒಪ್ಪುತ್ತೆ ಕಣೇ.

ಸಂಜೆ ಸೀದಾ ಅವರ ಜಗಲಿ ಹತ್ತಿದೆ.

"ಉಂಡ ಮನೆಗೇ ಎರಡು ಬಗೆದಳಲ್ಲ ನಿಮ್ಮ ಶಿಷ್ಯೆ!"

ಅವರು ಎದ್ದು ಒಳಗೆ ಹೋದರು. ಒಂದು ಅಚ್ಚು ಬೆಲ್ಲ ತಂದು ನನ್ನ ಅಂಗೈಯಲ್ಲಿಟ್ಟು, ನನ್ನ ಮುಖಕ್ಕೇ ಹೇಳಿದರು:

"ಜಡ್ಜಿಗೆ ನಾನು ಏನೂ ಕೊಡೋ ಹಾಗಿಲ್ಲ, ಕೆಂಪಕ್ಕ. ಇದನ್ನ ನೀನು ತಿನ್ನು. ರುಚಿ ಹೇಗಿತ್ತು ಅಂತ ಊರಿಗೆಲ್ಲ ಹೇಳು."