ಸಿಂಹದ ಮುಡಿ ಹರಕೆ

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಇಂದಿರತ್ತೆ, ನನ್ನ ತಲೆಗೆ ಎಣ್ಣೆ ತಟ್ಟುತ್ತಾ.

ಕಾಡಿನ ರಾಜನಾಗಿದ್ದ ಒಂದು ಸಿಂಹದ ಕೇಸರ ಉದುರತೊಡಗಿತು. ಪ್ರಾಯದ ಸಿಂಹವೊಂದು ಪಟ್ಟದ ಮೇಲೆ ಕಣ್ಣಿಟ್ಟಿದ್ದ ಕಾಲ ಅದು. ಬೋಳು ರಾಜನನ್ನು ಕಾಡು ಒಪ್ಪುವುದಿಲ್ಲ. ಕರಡಿ ಹೇಳಿತೆಂದು ಗರಗದ ಸೊಪ್ಪಿನ ಎಣ್ಣೆ ಹಚ್ಚಿದ್ದಾಯಿತು, ಕೋತಿ ಹೇಳಿತೆಂದು ಈರುಳ್ಳಿ ರಸ ತಿಕ್ಕಿದ್ದಾಯಿತು. ಆ ವಾಸನೆಗೆ ಜಿಂಕೆಗಳು ದೂರದಿಂದಲೇ ಓಡಿದವು. ಕೂದಲು ಮಾತ್ರ ಬರಲಿಲ್ಲ. ಕೊನೆಗೆ ಸಿಂಹ ಬೆಟ್ಟದ ದೇವರಿಗೆ ಹರಕೆ ಹೊತ್ತಿತು: "ಕೇಸರ ಮರಳಿ ಬಂದರೆ ಮುಡಿ ಕೊಡುತ್ತೇನೆ, ಸ್ವಾಮಿ."

ಬಂತು. ಸೊಂಪಾಗಿಯೇ ಬಂತು. ರಾಜನನ್ನು ಆರಿಸುವ ಸಭೆ ನಾಳೆ ಎನ್ನುವಾಗ ಸಿಂಹ ವಾಯಿದೆ ಕೇಳಲು ಬೆಟ್ಟದ ಕಲ್ಯಾಣಿಗೆ ಹೋಯಿತು. ಅಲ್ಲಿ ಮುಡಿ ತೆಗೆಯುವ ಕೆಲಸ ಏಡಿಯದು.

"ತುದಿ ಒಂದಿಷ್ಟು ಕತ್ತರಿಸಿದರೆ ನಡೆಯುವುದಿಲ್ಲವೇ?" ಎಂದಿತು ಸಿಂಹ.

"ಮುಡಿ ಅಂದರೆ ಬುಡದಿಂದ, ದೊರೆ."

"ಹಾಗಾದರೆ ಸಭೆ ಮುಗಿಸಿ ಬರುತ್ತೇನೆ."

"ಆಗಲಿ. ಕೊಟ್ಟವನಿಗೆ ಕಿತ್ತುಕೊಳ್ಳುವುದೂ ಗೊತ್ತು. ಸಭೆಯ ನಡುವೆ ಉದುರಿದರೆ ನನ್ನನ್ನು ಅನ್ನಬೇಡಿ."

ಸಿಂಹ ಮೆಟ್ಟಿಲ ಮೇಲೆ ಕುಸಿದು ಕುಳಿತಿತು.

"ಒಂದು ಕೋಳಿ ಹರಕೆ ಹೊತ್ತಿದ್ದರೆ ಸಾಕಿತ್ತಲ್ಲ?" ಏಡಿ ಮುಂಗಾಲು ಮಸೆಯುತ್ತಾ ಕೇಳಿತು.

"ಕೋಳಿ ನನ್ನ ಹತ್ತಿರ ಇತ್ತು ಮಾರಾಯ, ಕೊಡಲು ಮನಸ್ಸಾಗಲಿಲ್ಲ. ಕೂದಲು ಇರಲಿಲ್ಲ. ಇಲ್ಲದ್ದನ್ನು ಕೊಡುವುದಕ್ಕೆ ಏನು ಕಷ್ಟ ಅಂದುಕೊಂಡೆ."

"ತಲೆ ಬಗ್ಗಿಸಿ," ಎಂದಿತು ಏಡಿ.

ಮರುದಿನ ಪ್ರಾಯದ ಸಿಂಹಕ್ಕೆ ಪಟ್ಟವಾಯಿತು. ಬೋಳು ಸಿಂಹ ಬಂದವರಿಗೆಲ್ಲ ಪ್ರಸಾದ ಹಂಚಿತು.

ನಿಮ್ಮ ಪಕ್ಕದಲ್ಲಿ ಯಾರಾದರೂ ಹರಕೆ ಹೊರಲು ಕೈಮುಗಿದು ನಿಂತಿದ್ದರೆ, ಅವರು ಬಾಯಿ ತೆರೆಯುವ ಮುಂಚೆಯೇ ಇದನ್ನು ಅವರ ಕಿವಿಗೆ ಹಾಕಿಬಿಡಿ.